ಗೊತ್ತಿಲ್ಲದ ಒಡೆತನ

ನ್ಯೂಜಿಲೆಂಡಿನಲ್ಲಿ ಹದಿನೆಂಟು ತುಂಬಿದ ಹುಡುಗಿಯೊಬ್ಬಳು ಓದಿನ ಜೊತೆಗೆ ಕಾಫಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದರೆ, ಮೊದಲ ಸಂಬಳದಿಂದಲೇ ಒಂದು ಪಾಲು ಕಿವಿಸೇವರ್ ಎಂಬ ನಿವೃತ್ತಿ ಉಳಿತಾಯಕ್ಕೆ ಹೋಗುತ್ತದೆ. 2007ರ ಜುಲೈ 1ರಂದು ಶುರುವಾದ ಈ ಯೋಜನೆಗೆ ಹೊಸ ನೌಕರರನ್ನು ತಾನಾಗಿಯೇ ಸೇರಿಸಲಾಗುತ್ತದೆ. ಬೇಡವೆನ್ನುವವರು ಕೆಲವು ವಾರಗಳೊಳಗೆ ತಿಳಿಸಬೇಕು. ಸುಮ್ಮನಿದ್ದವಳು ಜಗತ್ತಿನ ನೂರಾರು ಕಂಪನಿಗಳಲ್ಲಿ ಪಾಲು ಪಡೆದಿರುತ್ತಾಳೆ. ಕಾನೂನಿನ ಲೆಕ್ಕದಲ್ಲಿ ಷೇರುಗಳು ಬೇರೆಯವರ ಹೆಸರಿನಲ್ಲಿ ಇದ್ದರೂ ಲಾಭನಷ್ಟ ಅವಳದೇ. ಅವಳೇ ಮುಂದೆ ವಿಶ್ವವಿದ್ಯಾಲಯದ ಫೈನಾನ್ಸ್ ತರಗತಿಯಲ್ಲಿ ಕೂತಾಗ, ಪಾಠದಲ್ಲಿ ಬರುವ ಹೂಡಿಕೆದಾರ ಬೇರೆ ಯಾರೋ ಆಗಿರುತ್ತಾನೆ. ಮುಂದೊಂದು ದಿನ ಅವಳು ಸಲಹೆ ಕೊಡಬೇಕಾದ, ಮುಖವಿಲ್ಲದ ಒಬ್ಬ ಗಿರಾಕಿ.

ನನ್ನ ತಕರಾರು ಇರುವುದು ಇಲ್ಲೇ. ಸಮಾಜದ ಹೊಣೆ ಹೊತ್ತ ಹೂಡಿಕೆ ಎಂಬ ವಿಷಯ ಎಷ್ಟೋ ಕಡೆ ಕೊನೆಯ ವರ್ಷದ ಐಚ್ಛಿಕ ಪತ್ರಿಕೆ. ಹೆಡ್ಜ್ ಫಂಡ್, ಪ್ರೈವೇಟ್ ಇಕ್ವಿಟಿಗಳ ಪಕ್ಕದಲ್ಲಿ, 'ಪರ್ಯಾಯ' ಎಂಬ ಗಂಟಿನೊಳಗೆ ಅದಕ್ಕೊಂದು ಜಾಗ. ಅಷ್ಟರಲ್ಲಿ ವಿದ್ಯಾರ್ಥಿಗಳು ಹ್ಯಾರಿ ಮಾರ್ಕೊವಿಟ್ಜ್ 1952ರಲ್ಲಿ ತೋರಿಸಿಕೊಟ್ಟ ಗಣಿತವನ್ನು ಅರೆದು ಕುಡಿದಿರುತ್ತಾರೆ. ಆ ಗಣಿತದ ಪ್ರಕಾರ ಆಯ್ಕೆಯ ಪಟ್ಟಿಯನ್ನು ಕಿರಿದು ಮಾಡಿದಷ್ಟೂ ಫಲಿತಾಂಶ ಉತ್ತಮವಾಗಲಾರದು. ಹಾಗಾಗಿ ಸಿಗರೇಟು ಬೇಡ, ಬಾಂಬು ಬೇಡ ಎನ್ನುವುದು ಗಿರಾಕಿ ತನ್ನ ಮೇಲೆ ತಾನೇ ಹೇರಿಕೊಂಡ ಕಟ್ಟುಪಾಡು. ಗಣಿತ ತಪ್ಪಲ್ಲ. ಆದರೆ ಅದರೊಳಗೆ ಕಂಪನಿ ಎಂದರೆ ಗಳಿಕೆ ಮತ್ತು ಏರಿಳಿತದ ಅಂಕಿಗಳಷ್ಟೇ. ಒಡೆತನ ಎಂಬ ಸಂಬಂಧಕ್ಕೆ ಅಲ್ಲಿ ಚಿಹ್ನೆಯೇ ಇಲ್ಲ. ನನ್ನದು ಏನು ಎಂಬ ಪ್ರಶ್ನೆ ನನಗೆ ಎಷ್ಟು ಬರುತ್ತದೆ ಎಂಬ ಪ್ರಶ್ನೆಗಿಂತ ಮೊದಲಿನದು. ಅದನ್ನು ಮೂರನೆಯ ವರ್ಷಕ್ಕೆ ತಳ್ಳಿದರೆ, ವಿದ್ಯಾರ್ಥಿ ಆ ಹೊತ್ತಿಗೆ ಕೇಳದೆ ಇರುವುದನ್ನು ಕಲಿತುಬಿಟ್ಟಿರುತ್ತಾಳೆ.

ಕೇಳದೆ ಇದ್ದರೆ ಏನಾಗುತ್ತದೆ ಎಂಬುದನ್ನು ನ್ಯೂಜಿಲೆಂಡ್ 2016ರಲ್ಲಿ ಕಂಡಿತು. ಕ್ಲಸ್ಟರ್ ಬಾಂಬುಗಳನ್ನು ನಿಷೇಧಿಸಿ, ಅವುಗಳ ತಯಾರಿಕೆಗೆಂದು ತಿಳಿದೂ ಹಣ ಒದಗಿಸುವುದನ್ನು ಅಪರಾಧವಾಗಿಸಿದ ಕಾನೂನು ಅಲ್ಲಿ 2009ರಲ್ಲೇ ಬಂದಿತ್ತು. ಏಳು ವರ್ಷಗಳ ನಂತರ ನ್ಯೂಜಿಲೆಂಡ್ ಹೆರಾಲ್ಡ್ ಪತ್ರಿಕೆ ಕೆದಕಿದಾಗ, ಕಿವಿಸೇವರ್ ಹಣ ಕ್ಲಸ್ಟರ್ ಬಾಂಬು, ನೆಲಬಾಂಬುಗಳ ಜೊತೆ ನಂಟಿದ್ದ ಕಂಪನಿಗಳಲ್ಲಿ ಇತ್ತು. ದಾದಿಯರ, ಮೇಷ್ಟ್ರುಗಳ, ಬಸ್ ಚಾಲಕರ ಉಳಿತಾಯ. ಯಾರೂ ಬೇಕೆಂದು ಹಾಕಿದ್ದಲ್ಲ. ಸೂಚ್ಯಂಕದಲ್ಲಿರುವುದನ್ನೆಲ್ಲ ಕೊಳ್ಳುವ ಇಂಡೆಕ್ಸ್ ಫಂಡುಗಳು ಈ ಷೇರುಗಳನ್ನೂ ಕೊಂಡಿದ್ದವು. ಜನ ಸಿಡಿದೆದ್ದರು, ಫಂಡ್ ಸಂಸ್ಥೆಗಳು ಅವಸರದಿಂದ ಮಾರಿದವು. ಆ ಸಿಟ್ಟಿನಲ್ಲಿ ಒಂದು ತತ್ವವಿದೆ. ಗೊತ್ತಿರಲಿಲ್ಲ ಎಂದು ಕೈತೊಳೆದುಕೊಳ್ಳಲು ಆ ಉಳಿತಾಯಗಾರರು ಒಪ್ಪಲಿಲ್ಲ. ಗೊತ್ತಾದ ಕೂಡಲೇ ಅದನ್ನು ತಮ್ಮದೆಂದೇ ಅನುಭವಿಸಿದರು.

ಇದಕ್ಕೆ ಅರ್ಥಶಾಸ್ತ್ರಜ್ಞರು ಎತ್ತುವ ಆಕ್ಷೇಪ ಗಟ್ಟಿಯಾದದ್ದು. ನೀನು ಮಾರಿದ ಷೇರನ್ನು ಇನ್ನೊಬ್ಬ ಕೊಳ್ಳುತ್ತಾನೆ, ಕಂಪನಿಯ ಕಾರ್ಖಾನೆ ಒಂದು ನಿಮಿಷವೂ ನಿಲ್ಲುವುದಿಲ್ಲ. ವೆಲಿಂಗ್ಟನ್ನಿನ ವಿಕ್ಟೋರಿಯಾ ವಿಶ್ವವಿದ್ಯಾಲಯ 2014ರಲ್ಲಿ, ಆ ದೇಶದಲ್ಲೇ ಮೊದಲಿಗೆ, ಕಲ್ಲಿದ್ದಲು–ತೈಲ ಕಂಪನಿಗಳಿಂದ ತನ್ನ ಹೂಡಿಕೆ ತೆಗೆಯುವುದಾಗಿ ಘೋಷಿಸಿದಾಗಲೂ ಇದೇ ಪ್ರಶ್ನೆ. ಅರ್ಧ ಉತ್ತರ ಸುಲಭ: ಕದ್ದ ಮಾಲನ್ನು ನಾನು ಕೊಳ್ಳದಿದ್ದರೆ ಇನ್ನೊಬ್ಬ ಕೊಳ್ಳುತ್ತಾನೆ ಎಂಬ ಸಮರ್ಥನೆಯನ್ನು ಯಾವ ಸಂತೆಯಲ್ಲೂ ಯಾರೂ ಒಪ್ಪುವುದಿಲ್ಲ. ಪಾಲುಗೊಳ್ಳುವುದೇ ಒಂದು ಕೃತ್ಯ, ಫಲ ಬದಲಾಗಲಿ ಬಿಡಲಿ. ಉಳಿದರ್ಧ ಕಷ್ಟ. ನನ್ನ ಕೈ ಶುದ್ಧವಾಯಿತು ಎಂಬ ಸಮಾಧಾನದಿಂದ ಜಗತ್ತಿಗೇನೂ ಆಗುವುದಿಲ್ಲ, ಮತ್ತು ಆ ಸಮಾಧಾನವನ್ನೇ ಸರಕು ಮಾಡಿ ಮಾರುವ ಫಂಡುಗಳಿಗೆ ಇಂದು ಕೊರತೆಯಿಲ್ಲ.

ಈ ಕಷ್ಟದ ಅರ್ಧಕ್ಕೆ ಒಂದು ಉತ್ತರ ನ್ಯೂಜಿಲೆಂಡಿನಲ್ಲೇ ಇದೆ. 2019ರ ಮಾರ್ಚ್ 15ರಂದು ಅಲ್ಲಿನ ಕ್ರೈಸ್ಟ್‌ಚರ್ಚಿನ ಎರಡು ಮಸೀದಿಗಳಲ್ಲಿ 51 ಜನರ ಕೊಲೆಯಾಯಿತು. ಕೊಲೆಗಾರ ಅದನ್ನು ಫೇಸ್‌ಬುಕ್ಕಿನಲ್ಲಿ ನೇರಪ್ರಸಾರ ಮಾಡಿದ. ಆಮೇಲೆ ದೇಶದ ಸೂಪರ್ ಫಂಡ್ ಮಾಡಿದ್ದನ್ನು ಪ್ರತಿಯೊಂದು ಫೈನಾನ್ಸ್ ತರಗತಿಯೂ ಕೂತು ಚರ್ಚಿಸಬೇಕು. ನಾಳಿನ ಪಿಂಚಣಿಗಾಗಿ ಸರ್ಕಾರ ಕಟ್ಟಿದ ಈ ನಿಧಿಗೆ 2001ರ ಕಾನೂನು ಲಾಭ ಗಳಿಸಲು ಹೇಳುತ್ತದೆ, ಅದೇ ಉಸಿರಿನಲ್ಲಿ ವಿಶ್ವ ಸಮುದಾಯದಲ್ಲಿ ದೇಶದ ಹೆಸರಿಗೆ ಕುಂದು ತರಬೇಡ ಎಂದೂ ಹೇಳುತ್ತದೆ. ಆ ಕೊಲೆಗಳ ನಂತರ ದೇಶದಲ್ಲಿ ನಿಷೇಧಕ್ಕೊಳಗಾದ ಬಗೆಯ ಬಂದೂಕು ತಯಾರಿಸುವ ಕಂಪನಿಗಳನ್ನು ಫಂಡ್ ಹೊರಗಿಟ್ಟಿತು. ಫೇಸ್‌ಬುಕ್, ಗೂಗಲ್, ಟ್ವಿಟರ್ ಷೇರುಗಳನ್ನು ಮಾತ್ರ ಇಟ್ಟುಕೊಂಡು, ಜಗತ್ತಿನ ನೂರಕ್ಕೂ ಹೆಚ್ಚು ಹೂಡಿಕೆದಾರರನ್ನು ಒಗ್ಗೂಡಿಸಿ, ಇಂಥ ಪ್ರಸಾರ ಮತ್ತೆ ಆಗದಂತೆ ನೋಡಿಕೊಳ್ಳಿ ಎಂದು ಒತ್ತಾಯಿಸಿತು. ಒಂದೇ ದುರಂತ, ಎರಡು ದಾರಿ. ಬಂದೂಕು ಮಾರುವುದನ್ನೇ ಕಸುಬಾಗಿಸಿಕೊಂಡವನ ಜೊತೆ ಮಾತಿಗೆ ಜಾಗವಿಲ್ಲ. ಬದಲಾಗಬಲ್ಲವನ ಜೊತೆ ಒಡೆಯನಾಗಿ ಉಳಿದರೇ ದನಿ ಇರುತ್ತದೆ. ಆ ದನಿಗೂ ಮಿತಿಯಿದೆ, ಏಕೆಂದರೆ ಫೇಸ್‌ಬುಕ್ಕಿನಲ್ಲಿ ಹೆಚ್ಚಿನ ಮತಬಲ ಜುಕರ್‌ಬರ್ಗ್ ಒಬ್ಬರ ಕೈಯಲ್ಲೇ ಇದೆ. ಆದರೂ ಈ ಎರಡು ದಾರಿಗಳ ವಿವೇಚನೆಯೇ ನಿಜವಾದ ಪಾಠ. ಹೊರಗಿಡುವವರ ಪಟ್ಟಿಯನ್ನು ಬಾಯಿಪಾಠ ಮಾಡಿಸಿದರೆ ಅದು ಶಿಕ್ಷಣವಾಗುವುದಿಲ್ಲ.

ಪಟ್ಟಿಗಳ ಮೇಲೆ ನನಗೆ ಅನುಮಾನ ಹುಟ್ಟುವುದು ಹುಣಸೂರು, ಪಿರಿಯಾಪಟ್ಟಣಗಳನ್ನು ನೆನೆದಾಗ. ಸೂಪರ್ ಫಂಡ್ ತಂಬಾಕು ಕಂಪನಿಗಳನ್ನು ಹೊರಗಿಟ್ಟಿದೆ. ನಾನು ಅದನ್ನು ಒಪ್ಪುತ್ತೇನೆ. ಆದರೆ ಮೈಸೂರು ಸೀಮೆಯ ಆ ಊರುಗಳಲ್ಲಿ ಹೊಗೆಸೊಪ್ಪು ಬೆಳೆದು, ಬ್ಯಾರನ್ ಎಂಬ ಬಿಸಿಗೂಡಿನಲ್ಲಿ ಹದಮಾಡಿ, ಹರಾಜಿನ ಬೆಲೆಗೆ ಕಾಯುವ ರೈತನಿಗೆ ಸಾಲ ತೀರುವುದೂ ಮಗಳ ಮದುವೆಯಾಗುವುದೂ ಅದರಿಂದಲೇ. ದೂರದ ಹೂಡಿಕೆದಾರನ ನೀತಿ ಮೊದಲು ತಟ್ಟುವುದು ಕಂಪನಿಯ ಮೇಲ್ತುದಿಗಲ್ಲ, ಇವನಿಗೆ. ಬಿಟ್ಟುಹೋಗುವುದಾದರೆ ಬಿಟ್ಟದ್ದರ ಕೆಳಗೆ ಯಾರಿದ್ದಾರೆ ಎಂದು ಕೇಳುವ ಹೊಣೆಯೂ ಬಿಡುವವನದೇ. ಪರ್ಯಾಯ ಬೆಳೆಗೆ ದುಡ್ಡು ಹಾಕದೆ ತಂಬಾಕಿನಿಂದ ಮಾತ್ರ ಹೊರಬರುವುದು ಅರೆಬರೆ ನೀತಿ.

ದೂರವೇ ಇಲ್ಲಿನ ಮುಖ್ಯ ಕಷ್ಟ. ಗದಗ ಸಮೀಪದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಹಣ ಇಟ್ಟವನಿಗೂ ಸಾಲ ಪಡೆದವನಿಗೂ ಒಂದೇ ಊರು. ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಮಾವೊರಿ ಬುಡಕಟ್ಟು ನ್ಗಾಯ್ ತಾಹು ಸರ್ಕಾರದ ಜೊತೆಗಿನ 1998ರ ಒಪ್ಪಂದದಲ್ಲಿ 17 ಕೋಟಿ ಡಾಲರ್ ಪರಿಹಾರ ಪಡೆದು ಅದನ್ನು ಹೂಡಿಕೆಯಾಗಿ ಬೆಳೆಸಿದಾಗ, ನಮಗೂ ನಮ್ಮ ನಂತರದ ಮಕ್ಕಳಿಗೂ ಎಂಬುದನ್ನೇ ಗುರಿಯಾಗಿಸಿಕೊಂಡಿತು. ಅವರೂ ತಪ್ಪಿಲ್ಲದವರಲ್ಲ, ಐರ್‌ವೆಲ್ ಕಾಡಿನ ಜಾಗ ಹೈನು ಜಮೀನಾದಾಗ ನೀರು, ನೆಲ ಕೆಡುತ್ತದೆಂಬ ಟೀಕೆ ಕೇಳಬೇಕಾಯಿತು. ಆದರೆ ಆ ನೀರು, ಆ ನೆಲ ಅವರದೇ. ಷೇರು ಮಾರಿ ಬೇರೆ ಕಡೆ ಹೋಗುವ ಅವಕಾಶ ಅವರಿಗಿಲ್ಲ, ಹಾಗಾಗಿ ಟೀಕೆಗೆ ಕಿವಿಗೊಡದೆ ವಿಧಿಯಿಲ್ಲ.

ಆಯ್ಕೆಯನ್ನೇ ಮಾಡದವರ ವಿಷಯ ಉಳಿಯಿತು. 2021ರ ಡಿಸೆಂಬರ್ 1ರಿಂದ, ಫಂಡ್ ಆರಿಸದ ಸದಸ್ಯರ ಹಣ ಹೋಗುವ ಕಿವಿಸೇವರ್ ಫಂಡುಗಳು ಪಳೆಯುಳಿಕೆ ಇಂಧನ ಉತ್ಪಾದಕರಲ್ಲಿ ಹೂಡುವಂತಿಲ್ಲ ಎಂದು ಸರ್ಕಾರ ವಿಧಿಸಿತು. ಜನರ ಪರವಾಗಿ ನೀತಿ ನಿರ್ಧರಿಸಲು ಸರ್ಕಾರ ಯಾರು ಎಂದು ಕೇಳಬಹುದು. ಆದರೆ ಎಲ್ಲವನ್ನೂ ಕೊಳ್ಳುವ ಫಂಡಿಗೆ ಹಾಕಿದ್ದರೆ ಅದೂ ಅವರ ಪರವಾಗಿ ಮಾಡಿದ ನಿರ್ಧಾರವೇ. ಯಾವ ಕಡೆಗೂ ವಾಲದ ಜಾಗ ಇಲ್ಲಿಲ್ಲ.

ನಾನು ಪಠ್ಯ ರೂಪಿಸುವುದಾದರೆ ಮೊದಲ ವರ್ಷದ ಮೊದಲ ವಾರಕ್ಕೇ ಒಂದು ಕೆಲಸ ಕೊಡುತ್ತೇನೆ. ನ್ಯೂಜಿಲೆಂಡಿನಲ್ಲಿ ಪ್ರತಿ ಕಿವಿಸೇವರ್ ಫಂಡ್ ತನ್ನ ಹೂಡಿಕೆಗಳ ಪೂರ್ಣ ಪಟ್ಟಿಯನ್ನು ಸರ್ಕಾರಿ ದಾಖಲೆಯಲ್ಲಿ ಬಹಿರಂಗಪಡಿಸಬೇಕು. ವಿದ್ಯಾರ್ಥಿ ತನ್ನ ಫಂಡಿನ ಪಟ್ಟಿ ತೆರೆದು, ಒಂದು ಕಂಪನಿ ಆರಿಸಿ, ಉಳಿಯಬೇಕೋ ಬಿಡಬೇಕೋ ಎಂದು ಕಾರಣ ಸಮೇತ ಫಂಡ್ ಮ್ಯಾನೇಜರಿಗೆ ಪತ್ರ ಬರೆಯಲಿ. ಬೆಂಗಳೂರಿನಿಂದ ವಿದ್ಯಾರ್ಥಿ ವೀಸಾದಲ್ಲಿ ಹೋದವಳಿಗೆ ಕಿವಿಸೇವರ್ ಸೇರುವ ಅರ್ಹತೆಯಿಲ್ಲ. ಅವಳು ಅಪ್ಪನ ಪಿ.ಎಫ್. ಖಾತೆಯನ್ನೇ ಹಿಡಿಯಲಿ. ಅದರ ಒಂದು ಭಾಗ ನಿಫ್ಟಿ, ಸೆನ್ಸೆಕ್ಸ್ ಸೂಚ್ಯಂಕಗಳಿಗೆ ಹೋಗುತ್ತದೆ, ಎರಡರಲ್ಲೂ ಸಿಗರೇಟು ತಯಾರಿಸುವ ಐಟಿಸಿ ಇದೆ. ಅಪ್ಪನಿಗೆ ಕಾಣುವುದು ವರ್ಷಕ್ಕೊಮ್ಮೆ ಘೋಷಣೆಯಾಗುವ ಬಡ್ಡಿದರ ಒಂದೇ. 2023–24ಕ್ಕೆ ಅದು ಶೇ. 8.25. ಅವಳ ಪತ್ರದ ವಿಳಾಸ ಯಾರದ್ದಾಗಬೇಕು ಎಂಬುದನ್ನು ಹುಡುಕಿ ತೆಗೆಯುವುದೇ ಆ ಪತ್ರಿಕೆಯ ಅತಿ ಕಠಿಣ ಪ್ರಶ್ನೆ, ಮತ್ತು ಅದಕ್ಕೇ ನಾನು ಅತಿ ಹೆಚ್ಚು ಅಂಕ ಇಡುತ್ತೇನೆ.