ಪಹಣಿ ಇಲ್ಲದ ಖಂಡ

1978ರ ಜನವರಿ 7ರಂದು ಅಂಟಾರ್ಕ್ಟಿಕಾದಲ್ಲಿ ಒಂದು ಗಂಡು ಮಗು ಹುಟ್ಟಿತು. ಹೆಸರು ಎಮಿಲಿಯೊ ಪಾಲ್ಮಾ. ಆ ಖಂಡದಲ್ಲಿ ಹುಟ್ಟಿದ ಮೊದಲ ಮಗು ಅಂತ ದಾಖಲೆಯಾಗಿದೆ. ಅವನ ತಾಯಿ ಅಲ್ಲಿಯ ನಿವಾಸಿ ಏನಲ್ಲ. ಹೆರಿಗೆ ಅಲ್ಲೇ ಆಗಲಿ ಅಂತ ಅರ್ಜೆಂಟೀನಾ ಸರ್ಕಾರ ಆ ಗರ್ಭಿಣಿಯನ್ನು ವಿಮಾನದಲ್ಲಿ ತನ್ನ ಎಸ್ಪೆರಾನ್ಸಾ ನೆಲೆಗೆ ಕರ್ಕೊಂಡು ಹೋಗಿತ್ತು. ಯಾಕೆ? ‘ನಮ್ಮ ಮಗು ಇಲ್ಲಿ ಹುಟ್ಟಿದೆ, ಹಾಗಾಗಿ ಈ ನೆಲ ನಮ್ಮದು’ ಅಂತ ನಾಳೆ ಹೇಳೋದಕ್ಕೆ. ಬದುವಿನ ಮೇಲೆ ನೆಟ್ಟ ಗಡಿಕಲ್ಲಿನ ಥರ ಒಂದು ಮಗು.

ಇದನ್ನು ಓದಿದಾಗಿನಿಂದ ಒಂದು ಪ್ರಶ್ನೆ ನನ್ನ ತಲೆಯಲ್ಲಿ ಕೂತಿದೆ. ಒಂದು ನೆಲ ಯಾರದಾದರೂ ಆಗೋದು ಹೇಗೆ? ಮತ್ತು, ಅದು ಯಾರದಾದರೂ ಆಗಲೇಬೇಕಾ?

ಹಳ್ಳಿಯಲ್ಲಿ ಬೆಳೆದವರಿಗೆ ಮೊದಲ ಪ್ರಶ್ನೆಗೆ ಉತ್ತರ ಹುಡುಕಬೇಕಾಗಿಲ್ಲ. ಉಳುವವನೇ ಹೊಲದೊಡೆಯ. 1974ರಲ್ಲಿ ದೇವರಾಜ ಅರಸು ಅವರ ಸರ್ಕಾರ ಭೂಸುಧಾರಣೆಯ ತಿದ್ದುಪಡಿ ತಂದಾಗ ಎಷ್ಟೋ ಗೇಣಿದಾರರ ಹೆಸರು ಪಹಣಿಗೆ ಬಂದಿದ್ದು ಈ ತತ್ವದ ಮೇಲೆಯೇ. ಬೆವರು ಸುರಿಸಿದವನಿಗೆ ನೆಲ. ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ 17ನೇ ಶತಮಾನದಲ್ಲೇ ಹೆಚ್ಚುಕಡಿಮೆ ಇದನ್ನೇ ಹೇಳಿದ್ದ: ಯಾರದೂ ಅಲ್ಲದ ನೆಲಕ್ಕೆ ಮನುಷ್ಯ ತನ್ನ ದುಡಿಮೆ ಬೆರೆಸಿದರೆ ಅದು ಅವನದಾಗುತ್ತೆ. ಕೇಳೋಕೆ ನ್ಯಾಯವಾಗಿಯೇ ಇದೆ. ಆದರೆ ಈ ಮಾತಿನ ಒಳಗೆ ಇನ್ನೊಂದು ಮಾತು ಅಡಗಿದೆ. ಉಳದೆ ಬಿಟ್ಟ ನೆಲ ವ್ಯರ್ಥ, ಬೀಳು, ಖರಾಬು. ಯಾರಾದರೂ ಬಂದು ಬಳಸಿಕೊಳ್ಳುವವರೆಗೆ ಅದಕ್ಕೆ ಬೆಲೆಯಿಲ್ಲ.

ಅಂಟಾರ್ಕ್ಟಿಕಾ ಈ ತರ್ಕವನ್ನು ಮುರಿದು ಹಾಕುತ್ತೆ.

ಸುಮಾರು 1.4 ಕೋಟಿ ಚದರ ಕಿಲೋಮೀಟರ್ ನೆಲ, ಅಂದರೆ ಭಾರತದ ನಾಲ್ಕು ಪಟ್ಟಿಗಿಂತ ದೊಡ್ಡದು. ಅದರ ಶೇಕಡಾ 98ರಷ್ಟು ಭಾಗದ ಮೇಲೆ ಮಂಜುಗಡ್ಡೆ. ಸರಾಸರಿ ದಪ್ಪ ಹತ್ತಿರ ಹತ್ತಿರ 2 ಕಿಲೋಮೀಟರ್. ಕೆಲವು ಕಡೆ 4.7 ಕಿಲೋಮೀಟರಿಗೂ ಹೆಚ್ಚು. ಉತ್ತರ ಧ್ರುವದಲ್ಲಿರೋದು ಹೆಪ್ಪುಗಟ್ಟಿದ ಸಮುದ್ರ, ಸುತ್ತ ನೆಲ. ಇಲ್ಲಿ ಉಲ್ಟಾ: ನಡುವೆ ನೆಲ, ಸುತ್ತ ಸಮುದ್ರ. ಆ ಸಮುದ್ರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಭೂಮಿಯನ್ನೇ ಸುತ್ತುವ ಒಂದು ದೊಡ್ಡ ಪ್ರವಾಹವಿದೆ. ಅದಕ್ಕೆ ಅಡ್ಡ ಬರುವ ನೆಲ ಎಲ್ಲೂ ಇಲ್ಲ. ಉತ್ತರದ ಬೆಚ್ಚಗಿನ ನೀರು ಒಳಗೆ ಬರದ ಹಾಗೆ ಅದು ಬೇಲಿ ಹಾಕಿದೆ. ಬೀಳುವ ಬಿಸಿಲನ್ನು ಬಿಳಿ ಹಿಮ ಬಹುಪಾಲು ವಾಪಸ್ ಕಳಿಸಿಬಿಡುತ್ತೆ. ಜೊತೆಗೆ ಅದು ಜಗತ್ತಿನ ಖಂಡಗಳಲ್ಲೇ ಸರಾಸರಿ ಅತಿ ಎತ್ತರದ್ದು, ಎತ್ತರ ಹೋದಷ್ಟೂ ಚಳಿ. ಎಲ್ಲಾ ಸೇರಿ 1983ರ ಜುಲೈ 21ರಂದು ರಷ್ಯನ್ನರ ವೊಸ್ಟೋಕ್ ನೆಲೆಯಲ್ಲಿ ಥರ್ಮಾಮೀಟರ್ ಮೈನಸ್ 89.2 ಡಿಗ್ರಿ ಸೆಲ್ಸಿಯಸ್ ತೋರಿಸಿತು. ನೆಲದ ಮೇಲೆ ಅಳೆದ ಅತ್ಯಂತ ಕಡಿಮೆ ಉಷ್ಣತೆ ಅದು.

ಇಷ್ಟೊಂದು ಮಂಜು ಇದೆ ಅಂದ ಮೇಲೆ ಹಿಮ ಧೋ ಅಂತ ಸುರಿಯುತ್ತಿರಬೇಕು ಅನ್ಕೋತೀವಿ. ಇಲ್ಲ. ಒಳನಾಡಿನ ಪ್ರಸ್ಥಭೂಮಿಯಲ್ಲಿ ವರ್ಷಪೂರ್ತಿ ಬೀಳೋ ಹಿಮವನ್ನು ಕರಗಿಸಿದರೆ 50 ಮಿಲಿಮೀಟರ್ ನೀರೂ ಆಗೋದಿಲ್ಲ. ಬೆಂಗಳೂರಿನ ಒಂದು ಸಂಜೆಯ ಜೋರು ಮಳೆಯಷ್ಟು. ಲೆಕ್ಕದ ಪ್ರಕಾರ ಅದು ಮರುಭೂಮಿ. ಬೀಳೋದು ಸ್ವಲ್ಪ, ಆದರೆ ಬಿದ್ದದ್ದು ಕರಗೋದಿಲ್ಲ. ಲಕ್ಷಾಂತರ ವರ್ಷ ಚೂರುಚೂರೇ ಕೂಡಿಟ್ಟ ಗಂಟು ಅದು. ಮಂಜಿನ ಮೇಲೆ ತಣ್ಣಗಾಗಿ ಭಾರವಾದ ಗಾಳಿ ಇಳಿಜಾರಿನಲ್ಲಿ ನೀರಿನ ಥರ ಕರಾವಳಿಯತ್ತ ಜಾರಿ ಬರುತ್ತೆ, ಬಿರುಗಾಳಿಯ ವೇಗದಲ್ಲಿ. ಧ್ರುವದಲ್ಲಿ ಸೂರ್ಯ ಒಮ್ಮೆ ಮುಳುಗಿದರೆ ಮತ್ತೆ ಹುಟ್ಟೋದು ಆರು ತಿಂಗಳಿಗೆ.

ಇಂಥ ಕಡೆ ನೇಗಿಲು ಎಲ್ಲಿ ಇಳಿಸ್ತೀರಿ? ಉಳುವವನೂ ಇಲ್ಲ, ಹೊಲವೂ ಇಲ್ಲ. ಮೂಲನಿವಾಸಿಗಳೂ ಇಲ್ಲ. ಇವತ್ತಿಗೂ ಬೇಸಿಗೆಯಲ್ಲಿ ಕೆಲವು ಸಾವಿರ, ಚಳಿಗಾಲದಲ್ಲಿ ಸಾವಿರದ ಆಸುಪಾಸು ಜನ ಸಂಶೋಧನಾ ನೆಲೆಗಳಲ್ಲಿ ಇರ್ತಾರೆ, ಪಾಳಿ ಮುಗಿಸಿ ವಾಪಸ್ ಬರ್ತಾರೆ.

ಹಾಗಂತ ಹಕ್ಕು ಕೇಳೋದನ್ನು ಯಾರೂ ಬಿಡಲಿಲ್ಲ. ಬ್ರಿಟನ್, ಫ್ರಾನ್ಸ್, ನಾರ್ವೆ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಚಿಲಿ, ಅರ್ಜೆಂಟೀನಾ, ಒಟ್ಟು ಏಳು ದೇಶಗಳು ನಕ್ಷೆಯಲ್ಲಿ ಗೆರೆ ಎಳೆದುಕೊಂಡವು. ಕೊನೆಯ ಮೂರರಲ್ಲಿ ಎರಡು ದೇಶಗಳ ಪಾಲು ಮತ್ತು ಬ್ರಿಟನ್ನಿನ ಪಾಲು ಒಂದರ ಮೇಲೊಂದು ಬಿದ್ದವು. ಒಂದೇ ಸರ್ವೆ ನಂಬರಿಗೆ ಮೂರು ಜನ ಖಾತೆದಾರರು! ಅಂಥ ಹೊತ್ತಲ್ಲಿ, 1959ರ ಡಿಸೆಂಬರ್ 1ರಂದು, 12 ದೇಶಗಳು ವಾಷಿಂಗ್ಟನ್ನಿನಲ್ಲಿ ಅಂಟಾರ್ಕ್ಟಿಕ್ ಒಪ್ಪಂದಕ್ಕೆ ಸಹಿ ಹಾಕಿದವು. ಶೀತಲ ಸಮರದ ಕಾಲ, ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಎರಡೂ ಅದರಲ್ಲಿದ್ದವು. 60 ಡಿಗ್ರಿ ದಕ್ಷಿಣ ಅಕ್ಷಾಂಶದಿಂದ ಕೆಳಗೆ ಸೈನಿಕ ಚಟುವಟಿಕೆ ಇಲ್ಲ, ಅಣುಸ್ಫೋಟ ಇಲ್ಲ, ವಿಜ್ಞಾನಕ್ಕೆ ಮುಕ್ತ ಅವಕಾಶ, ಯಾರು ಬೇಕಾದರೂ ಯಾರ ನೆಲೆಯನ್ನಾದರೂ ಬಂದು ತಪಾಸಣೆ ಮಾಡಬಹುದು.

ಇದರಲ್ಲಿ ನನಗೆ ಅತಿ ಇಷ್ಟವಾಗೋದು ನಾಲ್ಕನೇ ವಿಧಿ. ಈ ನೆಲ ಯಾರದು ಅನ್ನೋ ಪ್ರಶ್ನೆಗೆ ಅದು ಉತ್ತರವನ್ನೇ ಕೊಡೋದಿಲ್ಲ. ಹಕ್ಕು ಇದೆ ಅಂದವನು ಅದನ್ನು ಬಿಟ್ಟುಕೊಟ್ಟ ಹಾಗಲ್ಲ, ಇಲ್ಲ ಅಂದವನು ಅದನ್ನು ಒಪ್ಪಿಕೊಂಡ ಹಾಗೂ ಅಲ್ಲ, ಒಪ್ಪಂದ ಇರುವಷ್ಟು ದಿನ ಅಲ್ಲಿ ಏನೇ ಮಾಡಿದರೂ ಹೊಸ ಹಕ್ಕು ಹುಟ್ಟೋದಿಲ್ಲ. ಮೇಲೆ ಹೇಳಿದ ಮಗು ಕಾನೂನಿನ ಲೆಕ್ಕದಲ್ಲಿ ಏನನ್ನೂ ಸಾಬೀತು ಮಾಡಲಿಲ್ಲ. ಬ್ರಿಟನ್ ಮತ್ತು ಅರ್ಜೆಂಟೀನಾ 1982ರಲ್ಲಿ ಫಾಕ್‌ಲ್ಯಾಂಡ್ ದ್ವೀಪಗಳಿಗಾಗಿ ಯುದ್ಧವನ್ನೇ ಮಾಡಿದವು. ಆದರೂ ಎರಡೂ ಈ ಒಪ್ಪಂದದಿಂದ ಹೊರಗೆ ಬರಲಿಲ್ಲ. ವ್ಯಾಜ್ಯ ತೀರದೆಯೂ ಶಾಂತಿಯಿಂದ ಇರಬಹುದು ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಆದರೆ ಇಲ್ಲಿ ಒಂದು ಅನುಮಾನ ಏಳುತ್ತೆ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತ ಗಾದೆ ಇದೆಯಲ್ಲ. ಹಲ್ಲಿಲ್ಲದವನು ಕಡಲೆ ತಿನ್ನೋದು ಬಿಟ್ಟೆ ಅಂದರೆ ಅದು ವ್ರತವಾ? ಮೈನಸ್ 60 ಡಿಗ್ರಿಯಲ್ಲಿ, ಎರಡು ಕಿಲೋಮೀಟರ್ ಮಂಜಿನ ಕೆಳಗಿರೋ ಅದಿರನ್ನು ಮುಟ್ಟಲ್ಲ ಅನ್ನೋದು ತ್ಯಾಗವಾ?

ಇತಿಹಾಸ ನೋಡಿದರೆ ಅನುಮಾನ ಇನ್ನೂ ಗಟ್ಟಿಯಾಗುತ್ತೆ. ವಿಲಿಯಂ ಸ್ಮಿತ್ ಎಂಬ ನಾವಿಕ 1819ರಲ್ಲಿ ದಕ್ಷಿಣ ಶೆಟ್ಲಂಡ್ ದ್ವೀಪಗಳನ್ನು ಕಂಡ. ಹಿಂದೆಯೇ ತುಪ್ಪಳದ ಬೇಟೆಗಾರರ ಹಡಗುಗಳು ಬಂದವು. ಕೆಲವೇ ವರ್ಷಗಳಲ್ಲಿ ಅಲ್ಲಿಯ ತುಪ್ಪಳದ ಸೀಲ್‌ಗಳು ನಿರ್ನಾಮದ ಅಂಚಿಗೆ ಬಂದವು. 20ನೇ ಶತಮಾನದಲ್ಲಿ ತಿಮಿಂಗಿಲಗಳ ಸರದಿ. ಅಂಟಾರ್ಕ್ಟಿಕ್ ನೀಲಿ ತಿಮಿಂಗಿಲಗಳಲ್ಲಿ ನೂರಕ್ಕೆ ಒಂದರಷ್ಟೂ ಉಳಿಯಲಿಲ್ಲ. ಅಂದರೆ ಕೈಗೆ ಎಟುಕಿದ್ದನ್ನೆಲ್ಲ ನಾವು ಬಾಚಿದೆವು. ಎಟುಕದ ಮಂಜನ್ನು ಮಾತ್ರ ‘ಸಂರಕ್ಷಿಸಿದೆವು’. ಅದನ್ನು ಕಾಯ್ದದ್ದು ನಮ್ಮ ಒಳ್ಳೆಯತನವಲ್ಲ, ಅದರ ಚಳಿ.

ಇಷ್ಟೇ ಆಗಿದ್ದರೆ ಈ ಲೇಖನ ಇಲ್ಲಿಗೇ ಮುಗೀತಿತ್ತು. ಆದರೆ 1980ರ ದಶಕದಲ್ಲಿ ಇನ್ನೊಂದು ಸಂಗತಿ ನಡೀತು. ತೈಲದ ಬೆಲೆ ಏರಿತ್ತು, ತಂತ್ರಜ್ಞಾನ ಬೆಳೆದಿತ್ತು, ಅಂದರೆ ಹಲ್ಲು ಮೂಡೋಕೆ ಶುರುವಾಗಿತ್ತು. ಗಣಿಗಾರಿಕೆಯನ್ನು ನಿಯಮಬದ್ಧವಾಗಿ ಹೇಗೆ ನಡೆಸೋದು ಅಂತ ವರ್ಷಗಟ್ಟಲೆ ಚರ್ಚೆಯಾಗಿ, 1988ರಲ್ಲಿ ನ್ಯೂಜಿಲೆಂಡಿನ ವೆಲಿಂಗ್ಟನ್ನಿನಲ್ಲಿ ಕರಾರು ಸಿದ್ಧವಾಯಿತು. ಬಾಕಿ ಇದ್ದದ್ದು ದೇಶಗಳ ಅನುಮೋದನೆ ಮಾತ್ರ. 1989ರಲ್ಲಿ ಆಸ್ಟ್ರೇಲಿಯಾ ಮತ್ತು ಫ್ರಾನ್ಸ್ ‘ನಾವು ಒಪ್ಪಲ್ಲ’ ಅಂದವು. ಗಮನಿಸಿ, ಎರಡೂ ಅಲ್ಲಿ ಹಕ್ಕು ಕೇಳುವ ದೇಶಗಳೇ. ಆಸ್ಟ್ರೇಲಿಯಾ ಕೇಳೋದಂತೂ ಖಂಡದ ಐದನೇ ಎರಡು ಭಾಗದಷ್ಟು. ಕರಾರು ಬಿದ್ದುಹೋಯಿತು. ಅದರ ಜಾಗದಲ್ಲಿ 1991ರ ಅಕ್ಟೋಬರಿನಲ್ಲಿ ಮ್ಯಾಡ್ರಿಡ್ ಪ್ರೋಟೋಕಾಲ್ ಬಂತು. ಸಂಶೋಧನೆಗೆ ಬಿಟ್ಟರೆ ಖನಿಜದ ಯಾವ ಕೆಲಸವೂ ಅಲ್ಲಿ ಇಲ್ಲ. ಹೊರಗಿನ ಪ್ರಾಣಿಗಳನ್ನು ಒಯ್ಯುವ ಹಾಗಿಲ್ಲ. ಸ್ಲೆಡ್ಜ್ ಎಳೆಯುತ್ತಿದ್ದ ನಾಯಿಗಳೂ 1994ರ ಹೊತ್ತಿಗೆ ಖಂಡ ಬಿಡಬೇಕಾಯಿತು. ಅವುಗಳ ರೋಗ ಸೀಲ್‌ಗಳಿಗೆ ಅಂಟಬಾರದು ಅಂತ.

ನನ್ನ ಪ್ರಕಾರ ವ್ರತ ಶುರುವಾಗಿದ್ದು ಇಲ್ಲಿ. ಆಗದು ಅಂತ ಬಿಡೋದು ಬೇರೆ, ಆಗಬಹುದು ಅನ್ನುವಾಗ ಬಿಡೋದು ಬೇರೆ. ಮೊದಲನೆಯದು ಹವಾಮಾನ, ಎರಡನೆಯದು ನೀತಿ.

ಒಂದು ಸಲ ಆಫೀಸಿನ ಕ್ಯಾಂಟೀನಿನಲ್ಲಿ ಈ ಮಾತು ಬಂದಾಗ ಗೆಳೆಯನೊಬ್ಬ ನೇರವಾಗಿ ಕೇಳಿದ: “ಗುರೂ, ಅಲ್ಲಿ ಮನುಷ್ಯರೇ ಇಲ್ವಲ್ಲ. ಅಗೆದರೆ ಯಾರಿಗೆ ನಷ್ಟ? ಇಲ್ಲಿ ಬಡವರು ಇದ್ದಾರೆ, ಅವರಿಗೆ ಬೇಕಾದ ತೈಲ, ಲೋಹ ಅಲ್ಲಿ ಸುಮ್ನೆ ಬಿದ್ದಿದ್ರೆ ಅದು ಯಾವ ಸೀಮೆ ನ್ಯಾಯ?” ತಳ್ಳಿಹಾಕುವ ಪ್ರಶ್ನೆ ಅಲ್ಲ ಇದು. ಒಪ್ಪಂದದ ಸಭೆಗಳಲ್ಲಿ ಮತ ಇರೋದು 29 ದೇಶಗಳಿಗೆ ಮಾತ್ರ. ಆ ಮತ ಬೇಕಂದ್ರೆ ಅಲ್ಲಿ ಗಣನೀಯ ಸಂಶೋಧನೆ ಮಾಡಿ ತೋರಿಸಬೇಕು, ಅಂದರೆ ದುಡ್ಡಿರಬೇಕು. ಭಾರತವೇ 1956ರಲ್ಲಿ ಅಂಟಾರ್ಕ್ಟಿಕಾ ವಿಷಯವನ್ನು ವಿಶ್ವಸಂಸ್ಥೆಯಲ್ಲಿ ಚರ್ಚಿಸಬೇಕು ಅಂತ ಕೇಳಿತ್ತು. ಆಗ ಅದು ನಡೀಲಿಲ್ಲ. 1981ರ ಡಿಸೆಂಬರಿನಲ್ಲಿ ಎಸ್. ಝಡ್. ಖಾಸಿಂ ಅವರ ನೇತೃತ್ವದಲ್ಲಿ ಗೋವಾದಿಂದ ನಮ್ಮ ಮೊದಲ ತಂಡ ಹೊರಟಿತು, 1983ರಲ್ಲಿ ನಾವೂ ಒಪ್ಪಂದದ ಒಳಗೆ ಹೋದೆವು. ಇವತ್ತು ಮೈತ್ರಿ ಮತ್ತು ಭಾರತಿ ಎಂಬ ಎರಡು ನೆಲೆಗಳಿವೆ, 2022ರಲ್ಲಿ ನಮ್ಮದೇ ಅಂಟಾರ್ಕ್ಟಿಕ್ ಕಾಯ್ದೆಯೂ ಬಂತು. ಆದರೆ ಹೊರಗೆ ಉಳಿದ ಬಡ ದೇಶಗಳ ಪ್ರಶ್ನೆ ಹಾಗೇ ಇದೆ.

ಆದರೂ ಗೆಳೆಯನ ಪ್ರಶ್ನೆಯಲ್ಲಿ ಒಂದು ಕೊಂಡಿ ತಪ್ಪಿದೆ. ಅಲ್ಲಿ ಅಗೆದದ್ದು ಬಡವರ ಮನೆಗೆ ಬರುತ್ತೆ ಅನ್ನೋದಕ್ಕೆ ಯಾವ ಖಾತರಿ? ಸೀಲ್ ತುಪ್ಪಳ ಯಾವ ಬಡವನ ಚಳಿಯನ್ನೂ ಕಳೆಯಲಿಲ್ಲ. ಇನ್ನೊಂದು, ಆ ಮಂಜು ಸುಮ್ನೆ ಬಿದ್ದಿಲ್ಲ, ಕೆಲಸ ಮಾಡ್ತಿದೆ. ಅದರಲ್ಲಿ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳಿಂದ ವಿಜ್ಞಾನಿಗಳು ಕಳೆದ 8 ಲಕ್ಷ ವರ್ಷಗಳ ವಾತಾವರಣವನ್ನು ಓದಿದ್ದಾರೆ. ಅಷ್ಟೂ ಕಾಲದಲ್ಲಿ ಇಂಗಾಲದ ಡೈಆಕ್ಸೈಡ್ ದಶಲಕ್ಷಕ್ಕೆ 300 ಭಾಗದ ಆಸುಪಾಸು ದಾಟಿ ಮೇಲೆ ಹೋಗಿರಲಿಲ್ಲ. ಈಗ 420 ದಾಟಿದೆ. ಆ ಮಂಜಷ್ಟೂ ಕರಗಿದರೆ ಜಗತ್ತಿನ ಸಮುದ್ರ ಸುಮಾರು 58 ಮೀಟರ್ ಏರುತ್ತೆ. ಅದು ನಾಳೆ ನಾಡಿದ್ದು ಆಗೋ ಮಾತಲ್ಲ, ಆದರೆ ಅದರ ಒಂದು ಚೂರು ಕರಗಿದರೂ ಸಾಕು, ಕರಾವಳಿಯ ಬಡವನ ಮನೆಗೇ ನೀರು ಮೊದಲು ನುಗ್ಗೋದು.

ಇಲ್ಲಿಗೆ ಬಂದಾಗ ‘ಮುಟ್ಟದೇ ಇರೋದು’ ಎಂಬ ನೀತಿಯೇ ಸಾಲದು ಅನ್ಸುತ್ತೆ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ 1991ರಲ್ಲಿ ಆ ಖಂಡವನ್ನು ರೀಡ್-ಓನ್ಲಿ ಮಾಡಿದೆವು. ಓದಬಹುದು, ಬರೆಯೋ ಹಾಗಿಲ್ಲ. ಆದರೆ ಆ ಸರ್ವರ್ ಇರೋ ರೂಮಿನ ಬಿಸಿಯನ್ನೇ ಏರಿಸುತ್ತಿದ್ದೇವೆ. 2002ರಲ್ಲಿ ಲಾರ್ಸೆನ್-ಬಿ ಎಂಬ ತೇಲುವ ಮಂಜಿನ ಚಪ್ಪರ, ಸುಮಾರು 3,250 ಚದರ ಕಿಲೋಮೀಟರ್, ಬೆಂಗಳೂರು ನಗರ ಜಿಲ್ಲೆಗಿಂತ ದೊಡ್ಡದು, ಕೆಲವೇ ವಾರಗಳಲ್ಲಿ ಪುಡಿಯಾಯಿತು. ಅದರ ಮೇಲೆ ಯಾರೂ ಗುದ್ದಲಿ ಹಾಕಿರಲಿಲ್ಲ. ಇನ್ನೊಂದು ಸಂಗತಿ ಕೇಳಿ: ಅಷ್ಟು ದೊಡ್ಡ ಮಂಜಿನ ರಾಶಿ ತನ್ನ ಗುರುತ್ವದಿಂದ ಸುತ್ತಲಿನ ಸಮುದ್ರವನ್ನು ತನ್ನತ್ತ ಎಳೆದಿಟ್ಟುಕೊಂಡಿದೆ. ಮಂಜು ಕರಗಿದರೆ ಆ ಸೆಳೆತ ಸಡಿಲವಾಗಿ ಅದರ ಪಕ್ಕದಲ್ಲಿ ನೀರು ಇಳಿಯುತ್ತೆ, ದೂರದ ಉತ್ತರಾರ್ಧ ಗೋಳದಲ್ಲಿ ಸರಾಸರಿಗಿಂತ ಹೆಚ್ಚು ಏರುತ್ತೆ. ಅಂದರೆ ಅತಿ ದೂರ ಇರೋರಿಗೇ ಅದರ ಬಿಸಿ ಹೆಚ್ಚು ತಟ್ಟೋದು.

ದೂರದಿಂದ ಮಾಡೋ ಹಾನಿಯನ್ನು ದೂರದಿಂದಲೇ ನಿಲ್ಲಿಸಬಹುದಾ? ಒಮ್ಮೆ ನಿಲ್ಲಿಸಿದ್ದೇವೆ. 1985ರಲ್ಲಿ ಬ್ರಿಟನ್ನಿನ ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್ ಎಂಬ ಮೂವರು ವಿಜ್ಞಾನಿಗಳು ಅಂಟಾರ್ಕ್ಟಿಕಾದ ಮೇಲೆ ವಸಂತಕಾಲದಲ್ಲಿ ಓಝೋನ್ ತೀರಾ ತೆಳ್ಳಗಾಗ್ತಿದೆ ಅಂತ ವರದಿ ಮಾಡಿದರು. ಕಾರಣ, ಎಲ್ಲೆಲ್ಲಿಯೋ ಊರುಗಳ ಫ್ರಿಜ್ಜು, ಸ್ಪ್ರೇ ಡಬ್ಬಿಗಳಿಂದ ಹೊರಟ ಅನಿಲ. ಎರಡೇ ವರ್ಷದಲ್ಲಿ ಮಾಂಟ್ರಿಯಲ್ ಪ್ರೋಟೋಕಾಲ್ ಬಂತು. ಆ ರಂಧ್ರ ಈಗ ನಿಧಾನವಾಗಿ ಮುಚ್ಚಿಕೊಳ್ತಿದೆ. ಫ್ರಿಜ್ ಇಟ್ಟುಕೊಂಡವರಲ್ಲಿ ಯಾರೂ ಕೆಟ್ಟವರಲ್ಲ, ಪೆಂಗ್ವಿನ್ ನೋಡಿದವರೂ ಅಲ್ಲ. ಆದರೂ ಹೊಣೆ ಇತ್ತು, ಹೊತ್ತುಕೊಂಡರು.

ನಾವು ಸಾಮಾನ್ಯವಾಗಿ ಒಡೆತನ ಮೊದಲು, ಹೊಣೆ ಆಮೇಲೆ ಅಂತ ನಂಬಿದ್ದೇವೆ. ಆಫೀಸಿನಲ್ಲೂ ಅಷ್ಟೇ, ಓನರ್ ಇಲ್ಲದ ಕೋಡ್ ಕೊಳೆಯುತ್ತೆ. ಊರಲ್ಲೂ ಅಷ್ಟೇ, ‘ಯಾರದೂ ಅಲ್ಲ’ ಅಂದ ಗೋಮಾಳ, ಕೆರೆಯಂಗಳ ಮೊದಲು ಒತ್ತುವರಿಯಾಗುತ್ತೆ. ‘ಯಾರದೂ ಅಲ್ಲ’ ಅನ್ನೋದನ್ನು ಎರಡು ಥರ ಓದಬಹುದು. ಯಾರು ಬೇಕಾದರೂ ಬಾಚಿಕೊಳ್ಳಬಹುದು ಅನ್ನೋದು ಒಂದು. ಬಾಚಿಕೊಳ್ಳುವ ಹಕ್ಕು ಯಾರಿಗೂ ಇಲ್ಲ, ಕಾಯುವ ಹೊಣೆ ಎಲ್ಲರಿಗೂ ಇದೆ ಅನ್ನೋದು ಇನ್ನೊಂದು. ಅಂಟಾರ್ಕ್ಟಿಕಾದಲ್ಲಿ ಮನುಷ್ಯ ಎರಡನೆಯ ಓದನ್ನು, ಅರ್ಧಂಬರ್ಧವಾಗಿಯಾದರೂ, ಪ್ರಯತ್ನಿಸಿ ನೋಡಿದ್ದಾನೆ. ಅದು ಸಾಧ್ಯ ಅಂತ ತೋರಿಸೋಕೆ ಅಷ್ಟು ಸಾಕು.

2048ಕ್ಕೆ ಗಣಿ ನಿಷೇಧ ಮುಗಿದುಹೋಗುತ್ತೆ ಅಂತ ವಾಟ್ಸಾಪಿನಲ್ಲಿ ಆಗಾಗ ಓಡಾಡುತ್ತೆ. ಅದು ತಪ್ಪು. ನಿಷೇಧಕ್ಕೆ ಕೊನೆಯ ದಿನಾಂಕ ಇಲ್ಲ. ಆ ವರ್ಷದಿಂದ ಮತ ಇರೋ ಯಾವ ದೇಶ ಬೇಕಾದರೂ ಮರುಪರಿಶೀಲನೆಯ ಸಭೆ ಕರೀಬಹುದು, ಅಷ್ಟೇ. ಪರ್ಯಾಯ ಕಾನೂನು ವ್ಯವಸ್ಥೆ ಸಿದ್ಧವಾಗದೆ ನಿಷೇಧ ತೆಗೆಯೋಕೂ ಆಗೋದಿಲ್ಲ. ಆದರೆ ಅಷ್ಟು ಹೊತ್ತಿಗೆ ಮಂಜು ಇನ್ನಷ್ಟು ಸರಿದಿರುತ್ತೆ, ಯಂತ್ರಗಳು ಇನ್ನಷ್ಟು ಬಲಿತಿರುತ್ತವೆ, ಹಲ್ಲು ಪೂರ್ತಿ ಬಂದಿರುತ್ತೆ. ಆಗ ನನ್ನ ವಯಸ್ಸಿನವರು ರಿಟೈರ್ ಆಗೋ ಹೊತ್ತು. ಮೇಜಿನ ಸುತ್ತ ಕೂರೋರು ಈಗ ಶಾಲೆಯಲ್ಲಿರೋ ಮಕ್ಕಳು. ಕಡಲೆ ಮುಂದಿದ್ದಾಗಲೂ ಕೈ ಹಿಂದಕ್ಕೆ ತಗೊಳ್ಳೋದನ್ನು ಅವರು ಒಪ್ಪಂದದ ಕಾಗದ ಓದಿ ಕಲಿಯೋದಿಲ್ಲ. ನಮ್ಮೂರಿನ ಗೋಮಾಳ, ಕೆರೆಗಳ ವಿಷಯದಲ್ಲಿ ನಾವು ಹೇಗಿದ್ವಿ ಅನ್ನೋದನ್ನು ನೋಡಿ ಕಲೀತಾರೆ.