ಸಂಕಟ ಬಂದಾಗಲೇ ವೆಂಕಟರಮಣ

ಎಂಆರ್‌ಐ ಯಂತ್ರದ ಕೊಳವೆಯ ಅಗಲ 60ರಿಂದ 70 ಸೆಂಟಿಮೀಟರ್. ಒಳಗೆ ಮಲಗಿದವರಿಗೆ ಮೇಲಿನ ಗೋಡೆ ಮೂಗಿಗೆ ತಾಗಿದಂತೆಯೇ ಅನಿಸುತ್ತದೆ; ತಲೆಯ ಸ್ಕ್ಯಾನ್ ಆದರೆ ಮುಖದ ಮೇಲೆ ಪಂಜರದಂಥ ಕಾಯಿಲ್ ಬೇರೆ. ಯಂತ್ರದ ಸುರುಳಿಗಳಲ್ಲಿ ಕರೆಂಟು ಕ್ಷಣಕ್ಷಣಕ್ಕೂ ಏರಿಳಿದು, ಅವು ಅದುರಿ ಹುಟ್ಟುವ ಬಡಿತ ಇಯರ್‌ಪ್ಲಗ್ ದಾಟಿಯೂ ಕೇಳಿಸುತ್ತದೆ. ಅರ್ಧ ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ಅಲ್ಲಾಡುವಂತಿಲ್ಲ. ವರ್ಷವಿಡೀ ದೇವರ ಗೊಡವೆಗೆ ಹೋಗದವರ ನೆನಪಿಗೂ ಆ ಹೊತ್ತಿನಲ್ಲಿ ಮಂಜುನಾಥನೋ ರಾಯರೋ ಚಾಮುಂಡಿಯೋ ಬರುವುದುಂಟು. ನಮ್ಮ ಗಾದೆ ಇಂಥವರನ್ನೇ ಹಂಗಿಸುತ್ತದೆ. ಸಂಕಟದಲ್ಲಿ ನೆನಪಾಗುವ ವೆಂಕಟರಮಣ ಬರೀ ಬಳಕೆಯ ದೇವರು ಎಂಬುದು ಅದರ ಕುಹಕ. ಗಾದೆ ಸುಳ್ಳಾಗದು ಎನ್ನುತ್ತಾರೆ. ಈ ಗಾದೆ ಮಾತ್ರ ಅರ್ಧ ಸುಳ್ಳು ಎಂಬುದು ನನ್ನ ವಾದ.

ಭಾಗವತದ ಎಂಟನೆಯ ಸ್ಕಂಧದ ಗಜೇಂದ್ರನನ್ನೇ ನೋಡಿ. ಮೊಸಳೆ ಕಾಲು ಹಿಡಿದ ಕೂಡಲೇ ಅವನೇನೂ ಹರಿಯನ್ನು ಕರೆಯಲಿಲ್ಲ. ಮೊದಲು ತನ್ನ ಬಲ ನಂಬಿ ಎಳೆದಾಡಿದ, ಜೊತೆಯ ಆನೆಗಳೂ ಹೆಣಗಿದವು, ಕಸುವೆಲ್ಲ ಇಳಿದ ಮೇಲೆ ಮೊರೆಯಿಟ್ಟ. ಗಾದೆಯ ಲೆಕ್ಕದಲ್ಲಿ ಇದಕ್ಕಿಂತ ಅಪ್ಪಟ ಸಂಕಟದ ಭಕ್ತಿ ಇನ್ನೊಂದಿಲ್ಲ. ಆದರೂ ಇಷ್ಟು ದಿನ ಎಲ್ಲಿದ್ದೆ ಎಂದು ವಿಷ್ಣು ಕೇಳಲಿಲ್ಲ. ಕತೆ ಹೇಳುವಾಗ ಎಷ್ಟೋ ಸಲ ಹಾರಿಸಿಬಿಡುವ ವಿವರ ಇನ್ನೊಂದಿದೆ: ಅವನ ಬಾಯಿಗೆ ಬಂದ ಸ್ತೋತ್ರ ಹಿಂದಿನ ಜನ್ಮದಲ್ಲಿ ಕಲಿತದ್ದು. ಒಳಗೆಲ್ಲೋ ಹೂತುಹೋಗಿದ್ದನ್ನು ಸಂಕಟ ಮೇಲಕ್ಕೆ ತಂದಿತು, ಅಷ್ಟೆ. ಗೀತೆಯ ಏಳನೆಯ ಅಧ್ಯಾಯದಲ್ಲೂ ದೇವರನ್ನು ಭಜಿಸುವ ನಾಲ್ಕು ಬಗೆಯವರ ಪೈಕಿ ಮೊದಲ ಹೆಸರು ಆರ್ತನದು, ಎಂದರೆ ಸಂಕಟದಲ್ಲಿರುವವನದು. ಕೃಷ್ಣನಿಗೆ ಜ್ಞಾನಿಯೇ ಹೆಚ್ಚು ಪ್ರಿಯ, ನಿಜ. ಆದರೆ ನಾಲ್ವರೂ ಉದಾರರೇ ಎಂದು ಅವನೇ ಹೇಳುತ್ತಾನೆ.

ಇದೆಲ್ಲ ಮನಸ್ಸಿಗೆ ಒಂದು ನೆಪ, ರಾಜ್‌ಕುಮಾರ್ ಹಾಡು ನೆನೆದುಕೊಂಡರೂ ಅಷ್ಟೇ ಫಲ ಎಂದು ದೇವರನ್ನು ನಂಬದವರು ಹೇಳಬಹುದು. ಒಪ್ಪಿಕೊಳ್ಳಲು ಸಂಕೋಚವೇನೂ ಬೇಡ. ಉಸಿರನ್ನು ನಿಧಾನವಾಗಿ, ಉದ್ದಕ್ಕೆ ಬಿಟ್ಟರೆ ವೇಗಸ್ ನರದ ಕೆಲಸದಿಂದ ಎದೆಬಡಿತ ಇಳಿಯುತ್ತದೆ. ಆ ನರ ಯಾರ ನಂಬಿಕೆಯನ್ನೂ ವಿಚಾರಿಸುವುದಿಲ್ಲ. ಪತಂಜಲಿಗೂ ಈ ಔದಾರ್ಯ ಇತ್ತು. ಯೋಗಸೂತ್ರದ ಮೊದಲ ಪಾದದಲ್ಲಿ ಚಿತ್ತ ತಿಳಿಯಾಗುವ ದಾರಿಗಳನ್ನು ‘ಅಥವಾ’ ಹಾಕುತ್ತ ಹಾಕುತ್ತ ಹೇಳುವ ಅವನು, ಉಸಿರಿನ ದಾರಿಯನ್ನೂ ಸೇರಿಸಿ, ಕಡೆಗೆ ನಿನಗೆ ಬೇಕಾದ್ದನ್ನು ಧ್ಯಾನಿಸು ಎಂಬಲ್ಲಿಗೆ ಬಂದು ನಿಲ್ಲುತ್ತಾನೆ. ರಾಜ್‌ಕುಮಾರ್ ಹಾಡಿಗೂ ಅಲ್ಲಿ ಜಾಗವಿದೆ. ಆದರೆ ಉಪಾಯ ಎಂದ ಮಾತ್ರಕ್ಕೆ ಭಕ್ತಿ ಸುಳ್ಳಾಗಬೇಕಿಲ್ಲ. ಹಸಿದು ಅಮ್ಮನನ್ನು ಕರೆಯುವ ಮಗುವಿಗೆ ಅನ್ನವೂ ಬೇಕು, ಅಮ್ಮನೂ ಬೇಕು. ಆ ಕೂಗಿನಲ್ಲಿ ಯಾವುದು ಎಷ್ಟು ಎಂದು ತೂಗಿ ನೋಡುವವರು ಯಾರು? ತಮಾಷೆಯೆಂದರೆ, ಕುತ್ತಿಗೆಯ ಸ್ಕ್ಯಾನ್‌ನಲ್ಲಿ ಎಂಜಲು ನುಂಗಿದರೂ ಚಿತ್ರ ಮಸುಕಾಗಬಹುದು, ತುಟಿ ಆಡಿಸುವ ಮಾತೇ ಇಲ್ಲ. ಕೈಯಲ್ಲಿ ಜಪಮಣಿಯ ಬದಲು, ತೊಂದರೆಯಾದರೆ ಅಮುಕುವ ರಬ್ಬರ್ ಬಲ್ಬು. ಉಳಿಯುವುದು ಮಾನಸ ಜಪ ಒಂದೇ. ಗಟ್ಟಿಯಾಗಿ ಮಾಡುವ ಜಪಕ್ಕಿಂತ ಪಿಸುದನಿಯದು, ಅದಕ್ಕಿಂತ ಮನಸ್ಸಿನೊಳಗಿನದು ಮೇಲು ಎಂದು ಮನುಸ್ಮೃತಿ ಹಾಕಿದ ಶ್ರೇಣಿಯಲ್ಲಿ ಯಂತ್ರ ನಮ್ಮನ್ನು ನೇರ ತುದಿಗೇ ಹತ್ತಿಸುತ್ತದೆ!

ಭಕ್ತರ ಕಡೆಯಿಂದ ಬರುವ ಆಕ್ಷೇಪ ಇದಕ್ಕಿಂತ ಗಟ್ಟಿ. ದೇವರಲ್ಲಿ ನಿಜವಾದ ಭರವಸೆ ಇದ್ದವರಿಗೆ ಎದೆ ಯಾಕೆ ಹೊಡೆದುಕೊಳ್ಳಬೇಕು? ಸ್ಥಿತಪ್ರಜ್ಞನ ಮಾತಾಡುತ್ತ ಬಂದವರು ಮಂಪರಿನ ಔಷಧಿ ಕೇಳಿದರೆ ಅದು ಸೋಲಲ್ಲವೆ? ಅಲ್ಲ. ಇಕ್ಕಟ್ಟಿನ ಭಯ ಬಹುಮಟ್ಟಿಗೆ ಮೈಯದು, ಬುದ್ಧಿಯ ಅಪ್ಪಣೆ ಕೇಳಿ ಬರುವಂಥದ್ದಲ್ಲ. ಮನಸ್ಸು ಗಾಳಿಯಂತೆ, ಹಿಡಿತಕ್ಕೆ ಸಿಗದು ಎಂದು ಅರ್ಜುನ ದೂರಿದಾಗ ಕೃಷ್ಣ ಗದರಲಿಲ್ಲ, ಹೌದು ಎಂದೇ ಮಾತು ಶುರುಮಾಡಿದ. ಅಭ್ಯಾಸದ ಮಾತು ಬಂದದ್ದು ಆಮೇಲೆ. ಮೊದಲ ಸಲ ಕೊಳವೆಯೊಳಗೆ ಹೋಗುವವರಿಗೆ ಆ ಅಭ್ಯಾಸಕ್ಕೆ ಪುರುಸೊತ್ತೆಲ್ಲಿ? ಯಂತ್ರವಾದರೂ ಕೇಳುವುದು ಮೈ ಅಲುಗದಿರಲಿ ಎಂದಷ್ಟೆ. ಮನಸ್ಸು ಎಷ್ಟು ಅಲುಗಿದರೂ ಚಿತ್ರ ಕೆಡುವುದಿಲ್ಲ. ಯಂತ್ರದ ಅಯಸ್ಕಾಂತದ ಬಳಿ ಲೋಹ ಕೂಡದೆಂದು ಕೋಣೆಯ ಹೊರಗೇ ಮಾಂಗಲ್ಯ, ಕಾಲುಂಗುರ, ಬೆಳ್ಳಿ ಉಡಿದಾರ ಬಿಚ್ಚಿಸುತ್ತಾರೆ. ಮಾಂಗಲ್ಯದ ಬದಲಿಗೆ ಅರಿಶಿನದ ದಾರಕ್ಕೆ ಅರಿಶಿನ ಕೊಂಬು ಕಟ್ಟಿಕೊಂಡು ಒಳಗೆ ಹೋಗುವವರಿದ್ದಾರೆ. ನಗಬೇಡಿ. ಆ ಕೊಂಬನ್ನು ಅಯಸ್ಕಾಂತ ಎಳೆಯುವುದಿಲ್ಲ, ಕಟ್ಟಿಕೊಂಡವರಿಗೆ ಧೈರ್ಯವಾಗುತ್ತದೆ.

ಹಾಗಾಗಿ ಒಳಗೆ ಹೋಗುವವರಿಗೆ ‘ಹೆದರಬೇಡ, ದೇವರಿದ್ದಾನೆ’ ಎಂದಷ್ಟೇ ಹೇಳಿ ಕೈ ತೊಳೆದುಕೊಳ್ಳಬೇಡಿ. ಎಷ್ಟು ನಿಮಿಷ ಹಿಡಿಯುತ್ತದೆಂದು ಕೇಳಿ ಅವರಿಗೆ ತಿಳಿಸಿ. ಇಕ್ಕಟ್ಟು ಆಗದವರಾದರೆ ಮಲಗಿಸುವ ಮೊದಲೇ ಟೆಕ್ನಿಷಿಯನ್‌ಗೆ ಹೇಳಿ. ಬಲ್ಬು ಅಮುಕಿದರೆ ಅವರು ಬರುತ್ತಾರೆ.