ಯಾರ ಬಾಕಿ ಮೊದಲು?

ನಂಜನಗೂಡಿನ ತಾಂಡ್ಯ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಬದಲಾಗುವ ಹೊತ್ತಿಗೆ ಟೀ ಅಂಗಡಿಗಳ ಮುಂದೆ ನಿಲ್ಲಲು ಜಾಗ ಸಿಗುವುದಿಲ್ಲ. ಒಳಗೆ ಹೋಗುವವರ ಅವಸರ ಒಂದು ಕಡೆ, ಹೊರಗೆ ಬಂದವರ ಆಯಾಸ ಇನ್ನೊಂದು ಕಡೆ. ಕೆಲಸದ ನಿಮಿತ್ತ ಅಲ್ಲಿಗೆ ಹೋಗಿದ್ದ ನಾನು ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಪಕ್ಕದಲ್ಲೊಬ್ಬ ಯುವಕ. ಕಂಪೆನಿಯ ಅಂಗಿಯ ಗುಂಡಿ ಬಿಚ್ಚಿದಾಗ ಒಳಗಿನಿಂದ ನೀಲಿ ಮತ್ತು ಕಡುಗೆಂಪು ಪಟ್ಟೆಯ ಬಾರ್ಸಿಲೋನಾ ಜೆರ್ಸಿ ಕಾಣಿಸಿತು. ಮೆಸ್ಸಿ ಆ ತಂಡ ಬಿಟ್ಟು ವರ್ಷಗಳಾದವಲ್ಲ ಎಂದೆ, ಮಾತಿಗೆ.

"ಅವರು ಬಿಡ್ಲಿಲ್ಲ ಸಾರ್, ಬಿಡಿಸಿದ್ರು. ಅರ್ಧ ಸಂಬಳಕ್ಕೆ ಆಡ್ತೀನಿ ಅಂದ್ರೂ ಇಟ್ಕೊಳ್ಳೋಕಾಗಲ್ಲ ಅಂದ್ರು. ಕಮ್ಮಿಗೆ ದುಡೀತೀನಿ ಅಂದೋನ್ನ ಬೇಡ ಅನ್ನೋ ಕಾನೂನು ಎಲ್ಲಾದ್ರೂ ಇದ್ಯಾ? ಇಲ್ಲಿ ಕಮ್ಮಿಗೆ ಬರ್ತೀನಿ ಅಂದೋನ್ನೇ ಮೊದಲು ಒಳಗೆ ಬಿಡ್ತಾರೆ."

ಅವನು ಗುತ್ತಿಗೆ ಕಾರ್ಮಿಕ. ಅವನ ಪ್ರಶ್ನೆಗೆ ಅಲ್ಲಿ ನಿಂತು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಕ್ಲಬ್ಬಿಗೆ ಸಾಲ ಹೆಚ್ಚಾಗಿತ್ತು, ಅದಕ್ಕೆ ನಿಯಮ ಅಡ್ಡ ಬಂತು ಎಂದಷ್ಟೇ ಹೇಳಿದೆ. ಮನೆಗೆ ಬಂದ ಮೇಲೂ ಆ ಮಾತು ಬಿಡಲಿಲ್ಲ.

ನಿಯಮ ಏನೆಂಬುದನ್ನು ಮೊದಲು ನೋಡೋಣ. ಸ್ಪೇನಿನ ಲೀಗು ಪ್ರತಿ ಋತುವಿಗೆ ಮುನ್ನ ಪ್ರತಿಯೊಂದು ಕ್ಲಬ್ಬಿನ ನಿರೀಕ್ಷಿತ ಆದಾಯದಲ್ಲಿ ಇತರ ಖರ್ಚು ಮತ್ತು ಸಾಲದ ಕಂತುಗಳನ್ನು ಕಳೆಯುತ್ತದೆ. ಉಳಿದದ್ದನ್ನು ಮಾತ್ರ ಆಟಗಾರರ ಮೇಲೆ ಖರ್ಚು ಮಾಡಬಹುದು. 2021ರ ಆಗಸ್ಟ್‌ನಲ್ಲಿ ಬಾರ್ಸಿಲೋನಾದ ಅಧ್ಯಕ್ಷ ಲಪೋರ್ಟಾ ಕ್ಲಬ್ಬಿನ ಸಾಲ 135 ಕೋಟಿ ಯೂರೋ ಎಂದು ಬಹಿರಂಗವಾಗಿ ಹೇಳಿದರು. ಮೆಸ್ಸಿಯನ್ನು ಬಿಟ್ಟರೂ ಸಂಬಳದ ಖರ್ಚು ಆದಾಯದ ಶೇಕಡಾ 95ರಷ್ಟಿತ್ತು, ಸೇರಿಸಿಕೊಂಡರೆ ನೂರು ದಾಟುತ್ತಿತ್ತು. ಆತ ಅರ್ಧಕ್ಕೆ ಒಪ್ಪಿದರೂ ಲೆಕ್ಕ ಕೂಡಲಿಲ್ಲ. ಬಾಲ್ಯದಿಂದ ಬೆಳೆದ ಮನೆಯನ್ನು ಬಿಡುವಾಗ ಮೆಸ್ಸಿ ಅತ್ತದ್ದನ್ನು ಜಗತ್ತೆಲ್ಲ ನೋಡಿತು. ಆ ಕಣ್ಣೀರಿಗೆ ಕಾರಣ ನಿಯಮವೋ, ಅದಕ್ಕೂ ಮುಂಚಿನ ವರ್ಷಗಳಲ್ಲಿ ಕೈಬಿಚ್ಚಿ ಖರ್ಚು ಮಾಡಿದವರೋ ಎಂದು ಕೇಳಿದರೆ ನಾನು ಎರಡನೆಯವರ ಕಡೆಗೆ ಬೆರಳು ತೋರಿಸುತ್ತೇನೆ.

ನನ್ನ ಹಣ, ನನ್ನ ಕ್ಲಬ್, ಹೇಗೆ ಬೇಕಾದರೂ ಖರ್ಚು ಮಾಡುತ್ತೇನೆ, ನಿಮಗೇನು? ಈ ನಿಯಮಗಳ ವಿರುದ್ಧ ಶ್ರೀಮಂತ ಮಾಲೀಕರು ಹೂಡುವ ಮುಖ್ಯ ವಾದ ಇದು. ಕೇಳಲು ನ್ಯಾಯವಾಗಿಯೇ ಇದೆ. ತನ್ನ ಜೇಬಿನ ಹಣದಲ್ಲಿ ಒಬ್ಬ ಮದುವೆಗೆ ಸಾವಿರ ಜನರಿಗೆ ಊಟ ಹಾಕಿದರೆ ನಾವು ದುಂದು ಎನ್ನಬಹುದು, ಅಪರಾಧ ಎನ್ನಲಾಗದು. ಆದರೆ ಅಡುಗೆಯವನಿಗೂ ಶಾಮಿಯಾನದವನಿಗೂ ಕೊಡಬೇಕಾದ ಹಣ ಬಾಕಿ ಉಳಿದರೆ? ಆಗ ಊಟ ಹಾಕಿದವನು ಅವನಲ್ಲ, ಅವರು.

ಇಂಗ್ಲೆಂಡಿನ ಪೋರ್ಟ್ಸ್‌ಮತ್ ಕ್ಲಬ್ಬಿನಲ್ಲಿ ಆದದ್ದು ಇದೇ. 2008ರಲ್ಲಿ ಎಫ್.ಎ. ಕಪ್ ಗೆದ್ದ ತಂಡ ಅದು. ದೊಡ್ಡ ಆಟಗಾರರನ್ನು ದೊಡ್ಡ ಸಂಬಳಕ್ಕೆ ತಂದು ನಿಲ್ಲಿಸಿತ್ತು. 2010ರ ಫೆಬ್ರವರಿಯಲ್ಲಿ ಹತ್ತು ಕೋಟಿ ಪೌಂಡಿಗೂ ಮೀರಿದ ಸಾಲ ಹೊತ್ತು ದಿವಾಳಿ ಆಡಳಿತಕ್ಕೆ ಒಳಗಾಯಿತು. ಸಾಲಗಾರರ ಪಟ್ಟಿ ಹೊರಬಂದಾಗ ಅದರಲ್ಲಿ ತೆರಿಗೆ ಇಲಾಖೆ ಇತ್ತು, ಊರಿನ ಸಣ್ಣ ವ್ಯಾಪಾರಿಗಳಿದ್ದರು, ಸೇಂಟ್ ಜಾನ್ ಆಂಬುಲೆನ್ಸ್ ಕೂಡ ಇತ್ತು. ಮೈದಾನದ ಅಂಚಿನಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಹಿಡಿದು ನಿಲ್ಲುವ ಸ್ವಯಂಸೇವಕರ ಸಂಸ್ಥೆ ಅದು. ಅವರಿಗೆ ಬರಬೇಕಿದ್ದದ್ದು ಸುಮಾರು 2,700 ಪೌಂಡ್. ಒಬ್ಬ ತಾರಾ ಆಟಗಾರನ ಅರ್ಧ ದಿನದ ಸಂಬಳಕ್ಕೆ ಸಮವಾಗುವ ಮೊತ್ತ.

ಇನ್ನೂ ಬೇಸರದ ಸಂಗತಿ ಮುಂದಿದೆ. ಇಂಗ್ಲಿಷ್ ಫುಟ್‌ಬಾಲಿನ ಸ್ವಂತ ನಿಯಮವೊಂದರ ಪ್ರಕಾರ ಕ್ಲಬ್ ದಿವಾಳಿಯಾದಾಗ ಆಟಗಾರರ ಸಂಬಳವನ್ನೂ ಇತರ ಕ್ಲಬ್ಬುಗಳಿಗೆ ಕೊಡಬೇಕಾದ ವರ್ಗಾವಣೆ ಹಣವನ್ನೂ ಪೂರ್ತಿಯಾಗಿ ತೀರಿಸಬೇಕು. ಮಿಕ್ಕವರು ಪೌಂಡಿಗೆ ಇಷ್ಟು ಪೈಸೆ ಎಂದು ಸಿಕ್ಕಷ್ಟಕ್ಕೆ ಸುಮ್ಮನಾಗಬೇಕು. ತೆರಿಗೆ ಇಲಾಖೆ ಇದನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋಗಿ 2012ರಲ್ಲಿ ಸೋತಿತು. ಕೋಟಿ ಗಳಿಸುವವನಿಗೆ ಪೂರ್ತಿ, ಆಂಬುಲೆನ್ಸಿನವರಿಗೆ ಚೂರು. ಕಾನೂನಿನ ಕಣ್ಣಲ್ಲಿ ಸರಿಯಾದದ್ದೆಲ್ಲ ನ್ಯಾಯವಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ತಿಳಿದಿಲ್ಲ.

ಇಂತಹ ಅನಾಹುತಗಳು ಕಣ್ಣ ಮುಂದಿದ್ದಾಗಲೇ ಯುರೋಪಿನ ಫುಟ್‌ಬಾಲ್ ಒಕ್ಕೂಟ ಯುಇಎಫ್ಎ 2010ರಲ್ಲಿ 'ಫೈನಾನ್ಷಿಯಲ್ ಫೇರ್ ಪ್ಲೇ' ನಿಯಮಗಳನ್ನು ಅಂಗೀಕರಿಸಿತು. ಅದರಲ್ಲಿ ಎರಡು ಭಾಗಗಳಿದ್ದವು. ಗಳಿಸಿದ್ದಕ್ಕಿಂತ ಮಿತಿಮೀರಿ ಖರ್ಚು ಮಾಡಬಾರದು ಎಂಬುದು ಒಂದು. ಆಟಗಾರರಿಗೆ, ಸಿಬ್ಬಂದಿಗೆ, ಇತರ ಕ್ಲಬ್ಬುಗಳಿಗೆ, ತೆರಿಗೆ ಇಲಾಖೆಗೆ ಬಾಕಿ ಉಳಿಸಿಕೊಳ್ಳಬಾರದು ಎಂಬುದು ಇನ್ನೊಂದು. ಪತ್ರಿಕೆಗಳು ಚರ್ಚಿಸಿದ್ದೆಲ್ಲ ಮೊದಲನೆಯದನ್ನು. ನನ್ನ ಮಟ್ಟಿಗೆ ಪ್ರಾಣವಿರುವುದು ಎರಡನೆಯದರಲ್ಲಿ. ಸ್ಪೇನಿನ ಮಲಾಗಾ ಕ್ಲಬ್ ಬಾಕಿ ತೀರಿಸದ ಕಾರಣಕ್ಕೆ 2012ರ ಡಿಸೆಂಬರಿನಲ್ಲಿ ಯುರೋಪಿನ ಪಂದ್ಯಾವಳಿಗಳಿಂದ ನಿಷೇಧಕ್ಕೊಳಗಾಯಿತು. ಅದೇ ಋತುವಿನಲ್ಲಿ ಅದು ಚಾಂಪಿಯನ್ಸ್ ಲೀಗಿನ ಕ್ವಾರ್ಟರ್ ಫೈನಲ್ ತಲುಪಿತ್ತು. ಚೆನ್ನಾಗಿ ಆಡಿದರೆ ಸಾಲ ಮಾಫಿಯಾಗುವುದಿಲ್ಲ ಎಂದು ಒಮ್ಮೆಯಾದರೂ ಯಾರೋ ಹೇಳಿದರಲ್ಲ.

ಮೊದಲನೆಯ ಭಾಗದ ಕಥೆ ಅಷ್ಟು ಸರಳವಲ್ಲ. ಗಳಿಕೆಗೆ ತಕ್ಕಂತೆ ಖರ್ಚು ಎಂದರೆ ಹೆಚ್ಚು ಗಳಿಸುವವನು ಹೆಚ್ಚು ಖರ್ಚು ಮಾಡುತ್ತಾನೆ, ಗೆಲ್ಲುತ್ತಾನೆ, ಮತ್ತೂ ಗಳಿಸುತ್ತಾನೆ. ಸಣ್ಣ ಕ್ಲಬ್ ತನ್ನ ಜಾಗದಲ್ಲೇ ಇರಬೇಕಾಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಬುದ್ಧಿಮಾತನ್ನು ದೊಡ್ಡ ಹಾಸಿಗೆಯವರು ಹೇಳುವಾಗ ಸ್ವಲ್ಪ ಅನುಮಾನದಿಂದಲೇ ಕೇಳಬೇಕು. ಇದು ಸಾಲದಿಂದ ಕಾಪಾಡುವ ನಿಯಮ, ಸಮಾನತೆ ತರುವುದಲ್ಲ. ಎರಡನ್ನೂ 'ಫೇರ್ ಪ್ಲೇ' ಎಂಬ ಒಂದೇ ಹೆಸರಿನಲ್ಲಿ ಮಾರಿದ್ದೇ ತಪ್ಪಾಯಿತು.

ಇದರ ಅಡ್ಡ ಪರಿಣಾಮವೊಂದು ತಾಂಡ್ಯದ ಯಾವ ಲೆಕ್ಕಪತ್ರ ಗುಮಾಸ್ತನಿಗಾದರೂ ಚೆನ್ನಾಗಿ ಅರ್ಥವಾಗುತ್ತದೆ. ಕಾರ್ಖಾನೆ ಒಂದು ಯಂತ್ರ ಕೊಂಡರೆ ಅದರ ಬೆಲೆಯನ್ನು ಹಲವು ವರ್ಷಗಳಿಗೆ ಹಂಚಿ ಸವಕಳಿ ಬರೆಯುತ್ತಾರಲ್ಲ, ಫುಟ್‌ಬಾಲ್ ಕ್ಲಬ್ ಕೊಂಡ ಆಟಗಾರನಿಗೂ ಹಾಗೆಯೇ. ಐದು ವರ್ಷದ ಒಪ್ಪಂದಕ್ಕೆ ಐದು ಕೋಟಿ ಕೊಟ್ಟರೆ ವರ್ಷಕ್ಕೆ ಒಂದು ಕೋಟಿ ಖರ್ಚು. ಆದರೆ ಎಂಟು ವರ್ಷದ ಹುಡುಗನಾಗಿ ಬಂದು ಕ್ಲಬ್ಬಿನ ಅಂಗಳದಲ್ಲೇ ಬೆಳೆದವನಿಗೆ ಪುಸ್ತಕದಲ್ಲಿ ಕೊಂಡ ಬೆಲೆಯೇ ಇಲ್ಲ, ಸೊನ್ನೆ. ಅವನನ್ನು ಮಾರಿದರೆ ಬಂದದ್ದೆಲ್ಲ ಲಾಭ. ನಷ್ಟದ ಮಿತಿ ಮೀರುವ ಭಯವಿರುವ ಕ್ಲಬ್ ಯಾರನ್ನು ಮೊದಲು ಮಾರುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಪರವೂರಿನಿಂದ ಕೊಂಡು ತಂದವನು ಉಳಿಯುತ್ತಾನೆ, ಮನೆಮಗ ಹೋಗುತ್ತಾನೆ.

ನಾಟಿಂಗ್‌ಹ್ಯಾಮ್ ಫಾರೆಸ್ಟ್ ಎದುರಿಸಿದ ಇಕ್ಕಟ್ಟು ಇದೇ. ಅದೇ ಊರಲ್ಲಿ ಹುಟ್ಟಿ ಅದೇ ಕ್ಲಬ್ಬಿನಲ್ಲಿ ಬೆಳೆದ ಬ್ರೆನನ್ ಜಾನ್ಸನ್‌ನನ್ನು 2023ರ ಸೆಪ್ಟೆಂಬರ್ 1ರಂದು ಟಾಟನ್‌ಹ್ಯಾಮ್‌ಗೆ ಸುಮಾರು 4.75 ಕೋಟಿ ಪೌಂಡಿಗೆ ಮಾರಿದರು. ಆದರೆ ಲೆಕ್ಕದ ವರ್ಷ ಜೂನ್ 30ಕ್ಕೇ ಮುಗಿದಿತ್ತು. ಅವಸರದಲ್ಲಿ ಕಡಿಮೆ ಬೆಲೆಗೆ ಮಾರುವ ಬದಲು ಕಾದು ಹೆಚ್ಚಿಗೆ ಮಾರಿದೆವು, ಅದು ವಿವೇಕವಲ್ಲವೇ ಎಂದು ಕ್ಲಬ್ ವಾದಿಸಿತು. ಒಪ್ಪಿಗೆಯಾಗಲಿಲ್ಲ. 2024ರ ಮಾರ್ಚ್‌ನಲ್ಲಿ ನಾಲ್ಕು ಅಂಕ ಕಡಿತವಾಯಿತು. ನಿಯಮವನ್ನು ನಾನು ಒಪ್ಪುತ್ತೇನೆ, ಗಡುವು ಎಂದರೆ ಗಡುವೇ. ಆದರೂ ಇಡೀ ವಾದ ವಿವಾದದಲ್ಲಿ ಆ ಹುಡುಗ ತಾರೀಕು ಮತ್ತು ಮೊತ್ತವಾಗಿ ಮಾತ್ರ ಕಾಣಿಸಿದ ಎಂಬುದನ್ನು ಗಮನಿಸದೆ ಇರಲಾಗಲಿಲ್ಲ.

ನಮ್ಮಲ್ಲಿ ಹಿಂದೆ ಈ ಬಜಾರೇ ಇರಲಿಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ ಗೆದ್ದ ಕಾಲವನ್ನು ಬಿಡಿ, ಆಮೇಲೆ ಐಟಿಐ, ಎಚ್ಎಎಲ್ ತಂಡಗಳ ಕಾಲದಲ್ಲಿಯೂ ಆಟಗಾರ ಎಂದರೆ ಕಾರ್ಖಾನೆಯ ನೌಕರ. ಸಂಜೆ ಆಡುತ್ತಿದ್ದ, ಕಾಲು ಸೋತ ಮೇಲೂ ಕೆಲಸ ಇರುತ್ತಿತ್ತು. ಆ ದಿನಗಳನ್ನು ಹೊಗಳಿ ಕೂರುವವನಲ್ಲ ನಾನು. ಅಲ್ಲಿ ಭದ್ರತೆ ಇತ್ತು, ಪ್ರತಿಭೆಗೆ ತಕ್ಕ ಬೆಲೆ ಇರಲಿಲ್ಲ. ಎಚ್ಎಎಲ್ ತಂಡ ಐ-ಲೀಗಿನಿಂದ 2012ರಲ್ಲಿ ಕೆಳಗಿಳಿಯಿತು. ಮರುವರ್ಷ ಜಿಂದಾಲ್ ಸಮೂಹದ ಬೆಂಗಳೂರು ಎಫ್‌ಸಿ ಹುಟ್ಟಿ ಮೊದಲ ಯತ್ನದಲ್ಲೇ ಐ-ಲೀಗ್ ಗೆದ್ದಿತು.

ಇಂಡಿಯನ್ ಸೂಪರ್ ಲೀಗ್ ಯುರೋಪಿಗಿಂತ ಬೇರೆ ದಾರಿ ಹಿಡಿಯಿತು. ಗಳಿಕೆ ಎಷ್ಟೇ ಇರಲಿ, ಎಲ್ಲ ಕ್ಲಬ್ಬುಗಳಿಗೂ ಸಂಬಳಕ್ಕೆ ಒಂದೇ ಮಿತಿ. 2020-21ರಲ್ಲಿ ಅದು ಹದಿನಾರೂವರೆ ಕೋಟಿ ರೂಪಾಯಿ. ಸಮಾನತೆಯ ದೃಷ್ಟಿಯಿಂದ ಇದು ಮೇಲು. ಮಿತಿಯೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 2017ರಲ್ಲಿ ಕಂಡಿದ್ದೇವೆ. ಮಿಜೋರಾಮಿನ ಐಜ್ವಾಲ್ ಎಫ್‌ಸಿ ಪುಟ್ಟ ಬಜೆಟ್ಟಿನಲ್ಲಿ ಐ-ಲೀಗ್ ಗೆದ್ದಿತು. ಮುಂದಿನ ಋತುವಿಗೆ ತರಬೇತುದಾರ ಖಾಲಿದ್ ಜಮೀಲ್ ಈಸ್ಟ್ ಬೆಂಗಾಲ್ ಸೇರಿದರು, ಗೆದ್ದ ತಂಡವೂ ಚದುರಿತು.

ಆದರೆ ಮೇಲ್ಮಿತಿ ಇಟ್ಟವರು ಕೆಳಗಿನ ನೆಲವನ್ನು ಮರೆತರು. ಹೈದರಾಬಾದ್ ಎಫ್‌ಸಿ 2022ರಲ್ಲಿ ಚಾಂಪಿಯನ್ ಆಯಿತು. 2023-24ರ ಹೊತ್ತಿಗೆ ಸಂಬಳ ಕೊಡಲಾಗದೆ, ಹೊಸ ಆಟಗಾರರ ನೋಂದಣಿಗೆ ಫಿಫಾ ನಿಷೇಧ ಬಿದ್ದು, ವಿದೇಶಿ ಆಟಗಾರರು ಬಿಟ್ಟು ಹೋದರು. ಅಲ್ಲಿಯೂ ಸಂಬಳಕ್ಕೆ ಅದೇ ಮೇಲ್ಮಿತಿ ಇತ್ತು. ಇಷ್ಟಕ್ಕಿಂತ ಹೆಚ್ಚು ಕೊಡಬೇಡ ಎಂದು ಹೇಳುವ ನಿಯಮ, ಒಪ್ಪಿದ್ದನ್ನು ಕೊಟ್ಟೆಯಾ ಎಂದು ಸಮಯಕ್ಕೆ ಸರಿಯಾಗಿ ಕೇಳಲಿಲ್ಲ.

2025ರಲ್ಲಿ ಬಿಸಿ ನಮ್ಮ ಮನೆಗೇ ತಟ್ಟಿತು. ಫುಟ್‌ಬಾಲ್ ಫೆಡರೇಶನ್ನಿಗೂ ವಾಣಿಜ್ಯ ಪಾಲುದಾರ ಕಂಪೆನಿಗೂ 2010ರಲ್ಲಿ ಆಗಿದ್ದ ಹದಿನೈದು ವರ್ಷದ ಒಪ್ಪಂದ ಮುಗಿಯಲು ಬಂದು, ನವೀಕರಣ ಆಗದೆ, ಸೆಪ್ಟೆಂಬರಿನಲ್ಲಿ ಶುರುವಾಗಬೇಕಿದ್ದ ಲೀಗು ಆ ವರ್ಷದೊಳಗೆ ಶುರುವಾಗಲೇ ಇಲ್ಲ. ಆಗಸ್ಟ್ ಮೊದಲ ವಾರದಲ್ಲೇ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಪ್ರಕಟಿಸಿತು. ಕಿರಿಯರ ತಂಡಗಳು ಮತ್ತು ಮಕ್ಕಳ ತರಬೇತಿ ಶಾಲೆಗಳು ನಡೆಯುತ್ತವೆ ಎಂದೂ ಹೇಳಿತು, ಅದು ಮೆಚ್ಚತಕ್ಕದ್ದೇ. ಕ್ಲಬ್ಬಿಗೂ ಆಟವಿಲ್ಲದೆ ಆದಾಯವಿಲ್ಲ, ನಿಜ. ಆದರೆ ತಾರಾ ಆಟಗಾರ ಕೆಲವು ತಿಂಗಳು ತಡೆಯಬಲ್ಲ. ಅಂಗಿ ಒಗೆದು ಮಡಚುವವನು, ಚೆಂಡು ಎಣಿಸಿ ಇಡುವವನು ಎಷ್ಟು ದಿನ ತಡೆಯುತ್ತಾನೆ?

ಈ ಪ್ರಶ್ನೆ ಮೈದಾನದ ಹೊರಗೂ ಇದೆ. 2016ರ ದಿವಾಳಿ ಸಂಹಿತೆಯಲ್ಲಿ ಮುಳುಗಿದ ಕಂಪೆನಿಯ ಆಸ್ತಿ ಮಾರಿ ಬಂದ ಹಣವನ್ನು ಯಾರಿಗೆ ಯಾವ ಕ್ರಮದಲ್ಲಿ ಹಂಚಬೇಕೆಂದು ಬರೆದಿದೆ. ಕಾರ್ಮಿಕರ ಇಪ್ಪತ್ನಾಲ್ಕು ತಿಂಗಳ ಬಾಕಿ, ಆಸ್ತಿ ಒತ್ತೆ ಪಡೆದು ಸಾಲ ಕೊಟ್ಟ ಬ್ಯಾಂಕಿನ ಸಾಲದ ಜೊತೆ ಸಮಾನವಾಗಿ ನಿಲ್ಲುತ್ತದೆ. ಅಷ್ಟರ ಮಟ್ಟಿಗೆ ಪೋರ್ಟ್ಸ್‌ಮತ್‌ನ ಪಟ್ಟಿಗಿಂತ ನಮ್ಮದು ಮೇಲು. ಕ್ಯಾಂಟೀನಿಗೆ ತರಕಾರಿ ಹಾಕಿದವನು ಮಾತ್ರ ಬಹಳ ಕೆಳಗಿದ್ದಾನೆ. ಗೇಟಿನಾಚೆ ತಿಂಗಳ ಲೆಕ್ಕದಲ್ಲಿ ಟೀ ಕೊಟ್ಟವನ ಹೆಸರು ಯಾವ ಪಟ್ಟಿಯಲ್ಲೂ ಬರುವುದಿಲ್ಲ, ಅವನ ಲೆಕ್ಕ ಇರುವುದು ಕಾರ್ಡ್‌ಬೋರ್ಡಿನ ತುಂಡಿನ ಮೇಲೆ.

ಕೆಲವು ವಾರಗಳ ನಂತರ ಅದೇ ಅಂಗಡಿಯಲ್ಲಿ ಆ ಯುವಕ ಮತ್ತೆ ಸಿಕ್ಕ. ಬಾಕಿ ತೀರಿಸುವ ತನಕ ಹೊಸ ಆಟಗಾರನನ್ನು ತೆಗೆದುಕೊಳ್ಳುವಂತಿಲ್ಲ ಎಂಬ ಫಿಫಾ ನಿಷೇಧದ ವಿಷಯ ಹೇಳಿದೆ. ಮೆಸ್ಸಿಯ ಕಥೆಗಿಂತ ಇದು ಅವನಿಗೆ ಹೆಚ್ಚು ಹಿಡಿಸಿತು. ಕಾರಣವೂ ಗೊತ್ತಾಯಿತು. ಹಳೆಯ ಗುತ್ತಿಗೆದಾರ ಎರಡು ತಿಂಗಳ ಕೂಲಿ ಉಳಿಸಿಕೊಂಡು ಹೋಗಿ ಬೇರೊಂದು ಕಡೆ ಹೊಸಬರನ್ನು ಸೇರಿಸಿಕೊಳ್ಳುತ್ತಿದ್ದ. ಗುತ್ತಿಗೆದಾರ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕು ಎಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲೇ ಬರೆದಿತ್ತು ಎಂದೆ.

"ಬರೆದಿತ್ತಾ?" ಎಂದ ಅವನು. ಬರೆದದ್ದು ಎಲ್ಲಿ ಸಿಗುತ್ತದೆ, ಅರ್ಜಿ ಯಾರಿಗೆ ಕೊಡಬೇಕು ಎಂದು ಕೇಳಿದ. ಮೈಸೂರಿನ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಬೇಕೆಂದು ಹೇಳಿದೆ. ರಜೆ ಹಾಕಿದರೆ ಒಂದು ದಿನದ ಕೂಲಿ ಹೋಗುತ್ತದೆ ಎಂದು ಲೆಕ್ಕ ಹಾಕುತ್ತಿದ್ದಾಗಲೇ ಬಸ್ಸು ಬಂತು. ಟೀ ದುಡ್ಡು ಕೊಡಲು ನಾನು ಕೈ ಚಾಚಿದೆ. ಅವನು ತಡೆದು, "ಬೇಡ ಸಾರ್, ನನ್ನ ಲೆಕ್ಕಕ್ಕೆ ಬರ್ಕೊಳ್ತಾರೆ" ಎಂದು ಹತ್ತಿಕೊಂಡ.